ಕಪ್ಪು ಪರದೆ ಬೂದಾದರೆ ಫ್ಲ್ಯಾಶನ್ನು ಬೈಯಬೇಡಿ

ಪ್ರಶ್ನೆ: 10 ಅಡಿಯ ಬಿಳಿ ಗೋಡೆಯ ಕೋಣೆಯಲ್ಲಿ ಕಪ್ಪು ಪರದೆ ಕಟ್ಟಿ ರಾಣಿಯ ವೇಷದ ಫೋಟೊ ತೆಗೆಯುತ್ತೇನೆ. ಪರದೆ ಬೂದು ಬಣ್ಣದಲ್ಲಿ ಬರುತ್ತದೆ. ಹೆಚ್ಚು ಶಕ್ತಿಯ ಫ್ಲ್ಯಾಶ್ ಕೊಳ್ಳಬೇಕೆ?

ಬೇಡ. ಈ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ ಸಾಕಾಗಿದೆ. ಕೇಳುವವರು ಅಷ್ಟರಲ್ಲಿ ಎರಡನೆಯ ಫ್ಲ್ಯಾಶ್ ಕೊಂಡೂ ಆಗಿರುತ್ತದೆ. ಸಾಫ್ಟ್‌ಬಾಕ್ಸ್ (ಫ್ಲ್ಯಾಶಿನ ಬೆಳಕನ್ನು ಮೃದುಗೊಳಿಸಲು ಅದರ ಮುಂದೆ ಹಾಕುವ ಬಟ್ಟೆಯ ಪೆಟ್ಟಿಗೆ) ರಾಣಿಯಿಂದ 6 ಅಡಿ ದೂರದಲ್ಲಿದ್ದು, ಪರದೆ ಆಕೆಯ ಬೆನ್ನಿಗೆ 3 ಅಡಿಯಲ್ಲಿದ್ದರೆ ಮುಖಕ್ಕೆ ಬಿದ್ದ ಬೆಳಕಿನ ಹೆಚ್ಚುಕಡಿಮೆ ಅರ್ಧ ಪಾಲು ಪರದೆಗೂ ಬೀಳುತ್ತದೆ. ಬೂದು ಬರದೆ ಇನ್ನೇನು ಬಂದೀತು? ಸಾಫ್ಟ್‌ಬಾಕ್ಸನ್ನು 2 ಅಡಿಗೆ ತನ್ನಿ, ಆಕೆಯನ್ನು ಪರದೆಯಿಂದ 4 ಅಡಿ ಮುಂದೆ ನಿಲ್ಲಿಸಿ. ಈಗ ಲೈಟಿನಿಂದ ಪರದೆಗಿರುವ ದೂರ ಮುಖಕ್ಕಿರುವುದರ ಮೂರು ಪಟ್ಟು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ ಪರದೆಗೆ ಬೀಳುವುದು ಮುಖದ ಬೆಳಕಿನ 1/9ಕ್ಕೆ ಇಳಿಯುತ್ತದೆ. ಸಾಫ್ಟ್‌ಬಾಕ್ಸ್ ತೀರಾ ದೊಡ್ಡದಿದ್ದರೆ ಈ ಲೆಕ್ಕ ತುಸು ಸಡಿಲ, ಆದರೂ ಕೆಲಸ ನಡೆಯುತ್ತದೆ. ಲೈಟ್ ಇಷ್ಟು ಹತ್ತಿರ ಬಂದ ಮೇಲೆ ಪೂರ್ಣ ಶಕ್ತಿಯಲ್ಲಿದ್ದ ಫ್ಲ್ಯಾಶನ್ನು 1/8ಕ್ಕೆ ಇಳಿಸಬೇಕಾಗುತ್ತದೆ. ಇನ್ನೂ ಶಕ್ತಿ ಕೊಂಡು ಏನು ಮಾಡುತ್ತೀರಿ?

ಇನ್ನೊಬ್ಬ ಕಳ್ಳ ನಿಮ್ಮ ಬಿಳಿ ಗೋಡೆ. ಫ್ಲ್ಯಾಶ್ ಮಿಂಚಿದ ಕೂಡಲೇ ಗೋಡೆ, ಛಾವಣಿ ಎಲ್ಲವೂ ಬೆಳಕನ್ನು ಪರದೆಗೆ ಎರಚುತ್ತವೆ. ಪಕ್ಕದ ಗೋಡೆಗೆ ಕಪ್ಪು ಬಟ್ಟೆ ಇಳಿಬಿಡಿ, ಸಾಫ್ಟ್‌ಬಾಕ್ಸ್‌ಗೆ ಗ್ರಿಡ್ (ಬೆಳಕು ಪಕ್ಕಕ್ಕೆ ಚದುರದಂತೆ ತಡೆಯುವ ಜಾಲರಿ) ಹಾಕಿ. ಪರದೆ ಮಿರುಗುವ ಸ್ಯಾಟಿನ್ ಆಗಿದ್ದರೆ ಮಡಚಿಟ್ಟು ವೆಲ್ವೆಟ್ ತನ್ನಿ.

ಲೈಟ್ ಹತ್ತಿರ ಬಂದಾಗಿನ ಪೇಚನ್ನೂ ಹೇಳಿಬಿಡುತ್ತೇನೆ. ಮೇಲಿನಿಂದ ಬೀಳುವ ಬೆಳಕಿಗೆ ಮೊದಲು ಸಿಗುವುದು ಕಿರೀಟ. ಮುಖ ಸರಿ ಬರುವಷ್ಟರಲ್ಲಿ ಕಿರೀಟದ ಹರಳುಗಳು ಬಿಳಿಚಿಕೊಂಡಿರುತ್ತವೆ, ಲಂಗದ ಅಂಚಿನ ಜರಿ ಕತ್ತಲೆಗೆ ಸೇರಿರುತ್ತದೆ. ಸಾಫ್ಟ್‌ಬಾಕ್ಸನ್ನು ತುಸು ತಿರುಗಿಸಿ, ನಡುಭಾಗ ಆಕೆಯ ಮುಂದಿನ ಖಾಲಿ ಜಾಗವನ್ನು ನೋಡಲಿ, ಅಂಚಿನ ಬೆಳಕಷ್ಟೇ ಮುಖಕ್ಕೆ ತಾಗಲಿ. ಮತ್ತೆ, ಇಂಥ ಕೋಣೆಯಲ್ಲಿ ಸೊಂಟದವರೆಗಿನ ಚಿತ್ರಕ್ಕೆ ತೃಪ್ತಿಪಡಿ. ಪಾದದವರೆಗೂ ಬೇಕೆಂದು ವೈಡ್ ಲೆನ್ಸ್ ಹಾಕಿದಿರೋ, ಆಮೇಲೆ ಅದೇ ಲೆನ್ಸಿನಲ್ಲಿ ಮುಖಕ್ಕೆಂದು ಹತ್ತಿರ ಹೋಗುತ್ತೀರಿ. ರಾಣಿಗೆ ಮೂಗೇ ಆಭರಣವಾಗುತ್ತದೆ.

‘ಹಿನ್ನೆಲೆಯನ್ನು ಮೊಬೈಲಿನಲ್ಲಿ ಒಂದೇ ಒತ್ತಿಗೆ ಅಳಿಸಿ’ ಎನ್ನುವ ವಿಡಿಯೊ ಪಂಡಿತರಿಗೆ ಒಂದು ತೆಳು ಮುಸುಕು, ನಾಲ್ಕು ಬಿಡಿ ಕೂದಲು ಕೊಟ್ಟು ನೋಡಿ. ಕತ್ತರಿಯ ಗುರುತು ದೂರದಿಂದಲೇ ಕಾಣುತ್ತದೆ.

ಪ್ರಶ್ನೆ: ವೇಷದ ಫೋಟೊಗಳಿಗೆ ಯಾವ ಕ್ಯಾಮೆರಾ ಒಳ್ಳೆಯದು?

ಫ್ಲ್ಯಾಶ್ ಜೋಡಿಸಲು ಬರುವ ಯಾವುದಾದರೂ.

ಪ್ರಶ್ನೆ: ಮಾಂತ್ರಿಕನ ವೇಷಕ್ಕೆ ಮೇಣದಬತ್ತಿ ಹಚ್ಚಿ, ಹೊಗೆಯ ಬದಲು ಹಿಟ್ಟು ಊದಬಹುದೇ?

ಇದನ್ನು ಯಾರು ಹೇಳಿಕೊಟ್ಟರು? ಗಾಳಿಯಲ್ಲಿ ಹರಡಿದ ಹಿಟ್ಟು ಬೆಂಕಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ನೈಲಾನ್ ಮೇಲಂಗಿ ಉರಿಯುವಾಗ ಕರಗಿ ಚರ್ಮಕ್ಕೆ ಅಂಟುತ್ತದೆ. ಟಾಲ್ಕಂ ಪೌಡರ್ ಊದುತ್ತೇನೆ ಎಂದು ಮತ್ತೆ ಬರೆಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ನನ್ನದೇ ಕೋಣೆಯಲ್ಲಿ ಒಮ್ಮೆ ಮೇಲಂಗಿಯ ಚುಂಗು ಬತ್ತಿಗೆ ತಾಗಿ, ಮುದುಡಿ, ಕಪ್ಪು ಮಣಿಯಂತೆ ಗಟ್ಟಿಯಾಯಿತು. ಅಂದಿನಿಂದ ಬ್ಯಾಟರಿಯ ಮೇಣದಬತ್ತಿ ಬಿಟ್ಟರೆ ಬೇರೆಯದಕ್ಕೆ ನನ್ನಲ್ಲಿ ಪ್ರವೇಶವಿಲ್ಲ.