ಕ್ರೋಮ್ ಅದಿರನ್ನ ಕರಗಿಸಿದ್ರೆ ಸಾಕಾ?

ಪ್ರಶ್ನೆ: ಸರ್, ನಮ್ದು ಚನ್ನರಾಯಪಟ್ಟಣ ತಾಲೂಕು. ನುಗ್ಗೇಹಳ್ಳಿ ಕಡೆ ಬೈರಾಪುರದ ಗಣೀಲಿ ಕ್ರೋಮ್ ಅದಿರು ತೆಗೀತಿದ್ರು ಅಂತ ಚಿಕ್ಕಂದಿನಿಂದ ಕೇಳಿದೀನಿ. ಆ ಕಪ್ಪು ಕಲ್ಲನ್ನ ಕರಗಿಸಿದ್ರೆ ಕ್ರೋಮ್ ಬಂದ್ಬಿಡತ್ತಾ? ಫೆರೋಕ್ರೋಮ್ ಅಂದ್ರೇನು?

ಉತ್ತರ: ಬರೀ ಕರಗಿಸಿದ್ರೆ ಬರಲ್ಲ, ಕರಗಿದ ಕಲ್ಲಾಗತ್ತೆ ಅಷ್ಟೇ. ಆ ಅದಿರಿನ ಹೆಸರು ಕ್ರೋಮೈಟ್, ಅದರಲ್ಲಿ ಕಬ್ಬಿಣ, ಕ್ರೋಮಿಯಂ ಎರಡೂ ಆಕ್ಸಿಜನ್ ಜೊತೆ ಅಂಟ್ಕೊಂಡಿರತ್ವೆ. ಆ ಆಕ್ಸಿಜನ್ನ ಕಿತ್ತು ತೆಗೀಬೇಕು, ಕಬ್ಬಿಣ ಬೇಗ ಬಿಟ್ಕೊಡತ್ತೆ, ಕ್ರೋಮಿಯಂ ಮಾತ್ರ ಗಟ್ಟಿಯಾಗಿ ಹಿಡ್ಕೊಂಡಿರತ್ತೆ, ಇಡೀ ಕೆಲಸದ ಕಷ್ಟ ಇರೋದೇ ಇಲ್ಲಿ.

ನಮ್ಮ ದೇಶದ ಕ್ರೋಮೈಟ್ ಬಹುಪಾಲು ಇರೋದು ಒಡಿಶಾದ ಜಾಜ್‌ಪುರ ಜಿಲ್ಲೆಯ ಸುಕಿಂದಾ ಕಣಿವೇಲಿ. ಅಲ್ಲಿ ಸಿಗೋ ಅದಿರಲ್ಲಿ ಪುಡಿ ಜಾಸ್ತಿ, ಪುಡೀನ ಹಾಗೇ ಸುರಿದ್ರೆ ಕುಲುಮೆ ಒಳಗಿನ ಗ್ಯಾಸ್ ಮೇಲೆ ಬರೋಕೆ ದಾರಿ ಸಿಗಲ್ಲ, ಅದಕ್ಕೆ ಸುಣ್ಣ ಮತ್ತೆ ಕಾಕಂಬಿ ಕಲಸಿ ಒತ್ತಿ ಉಂಡೆ ಕಟ್ತಾರೆ. ಹೌದು, ಸಕ್ಕರೆ ಫ್ಯಾಕ್ಟರಿ ಕಾಕಂಬೀನೇ! ಈ ಉಂಡೆ ಜೊತೆ ಕೋಕ್ (ಕಲ್ಲಿದ್ದಲನ್ನ ಸುಟ್ಟು ಮಾಡೋ ಗಟ್ಟಿ ಇದ್ದಿಲು), ಬಿಳಿಕಲ್ಲು ಅಂದ್ರೆ ಕ್ವಾರ್ಟ್ಜೈಟ್ ಸೇರಿಸಿ ಕರೆಂಟ್ ಕುಲುಮೆಗೆ ಹಾಕ್ತಾರೆ. ಮೂರು ದಪ್ಪ ಕಾರ್ಬನ್ ಎಲೆಕ್ಟ್ರೋಡು ಆ ರಾಶಿಯೊಳಗೇ ಹೂತಿರತ್ವೆ, ಒಳಗೆ ಶಾಖ 1700 ಡಿಗ್ರಿ ಸೆಲ್ಸಿಯಸ್ ಹತ್ರ ಹೋಗತ್ತೆ, ಆಗ ಕೋಕ್‌ನ ಕಾರ್ಬನ್ನು ಆಕ್ಸಿಜನ್ ಎಳ್ಕೊಂಡು ಕಾರ್ಬನ್ ಮಾನಾಕ್ಸೈಡ್ ಆಗಿ ಮೇಲೆ ಹೋಗತ್ತೆ. ಕಬ್ಬಿಣಾನೂ ಕ್ರೋಮಿಯಮ್ಮೂ ಒಟ್ಟಿಗೇ ಕರಗಿ ತಳಕ್ಕೆ ಇಳೀತವೆ. ಅದಿರಲ್ಲಿದ್ದ ಮೆಗ್ನೀಷಿಯಾ, ಅಲ್ಯೂಮಿನಾ ಸುಲಭಕ್ಕೆ ಕರಗೋವಲ್ಲ, ಬಿಳಿಕಲ್ಲು ಸೇರಿದ್ರೆ ಮಾತ್ರ ಅವು ಹರಿಯೋ ಸ್ಲ್ಯಾಗ್, ಅಂದ್ರೆ ಕರಗಿದ ಕಿಟ್ಟ ಆಗಿ ಲೋಹದ ಮೇಲೆ ನಿಲ್ಲತ್ವೆ.

ಆಗಾಗ ಕುಲುಮೆಯ ತೂತು ಬಿಚ್ಚಿ ದ್ರವಾನ ಹೊರಗೆ ಹರಿಸ್ತಾರೆ, ಆಮೇಲೆ ಮಣ್ಣಿನಿಂದ ತೂತು ಮುಚ್ತಾರೆ. ಆರಿದ ಲೋಹ ಬಿರುಸು, ಒಡೆದ್ರೆ ಚೂರಾಗತ್ತೆ. ಅದೇ ಫೆರೋಕ್ರೋಮ್, ಕಬ್ಬಿಣ ಮತ್ತು ಕ್ರೋಮಿಯಂ ಕೂಡಿದ ಮಿಶ್ರಲೋಹ, ಮಾಮೂಲಿ ದರ್ಜೇದರಲ್ಲಿ ಸುಮಾರು 60 ಪರ್ಸೆಂಟ್ ಕ್ರೋಮಿಯಂ, 6–8 ಪರ್ಸೆಂಟ್ ಕಾರ್ಬನ್ ಇರತ್ತೆ. ಕಬ್ಬಿಣಾನ ಬೇರೆ ಮಾಡೋ ಅಗತ್ಯ ಇಲ್ಲ, ಯಾಕಂದ್ರೆ ಇದು ಹೋಗಿ ಸೇರೋದೇ ಸ್ಟೀಲಿಗೆ. ಸ್ಟೇನ್‌ಲೆಸ್ ಅನ್ನಿಸ್ಕೊಳ್ಳೋಕೆ ಕನಿಷ್ಠ 10.5 ಪರ್ಸೆಂಟ್ ಕ್ರೋಮಿಯಂ ಬೇಕು, 304 ದರ್ಜೆಯ ಪಾತ್ರೇಲಿ ಸುಮಾರು 18.

ಒಂದು ಟನ್ ಮಾಡೋಕೆ 3500–4000 ಯೂನಿಟ್ ಕರೆಂಟ್ ಬೇಕಾಗತ್ತೆ, ತಿಂಗಳಿಗೆ 100 ಯೂನಿಟ್ ಉರಿಸೋ ಮನೆಗೆ ಅದು ಮೂರು ವರ್ಷದ ಲೆಕ್ಕ! ಹಾಗಾಗಿ ಈ ಕಾರ್ಖಾನೆಗಳಿಗೆ ಅದಿರಿನಷ್ಟೇ ಕರೆಂಟ್ ರೇಟೂ ಮುಖ್ಯ.

ನೀವು ಕೇಳದಿದ್ರೂ ಒಂದು ವಿಷ್ಯ ಹೇಳ್ಲೇಬೇಕು. ಸುಕಿಂದಾದ ಗಣಿ ನೀರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನೋ ವಿಷದ ರೂಪ ಸೇರತ್ತೆ, ಕ್ಯಾನ್ಸರ್ ತರೋ ಅಂಥದ್ದು. ಫೆರಸ್ ಸಲ್ಫೇಟ್ ಹಾಕಿ ಅದನ್ನ ಅಷ್ಟು ಅಪಾಯ ಇಲ್ಲದ ರೂಪಕ್ಕೆ ತಿರುಗಿಸಿ ತಳಕ್ಕೆ ಕೂರಿಸಬಹುದು, ಹೊಳೆಗೆ ಬಿಡೋ ಮುಂಚೆ ಪ್ರತಿ ಗಣೀನೂ ಇದನ್ನ ತಪ್ಪದೇ ಮಾಡ್ಬೇಕು, ಆ ನೀರನ್ನ ಬಳಸೋ ಊರುಗಳು ಕೆಳಗಡೆ ಇದಾವೆ.