ಪ್ರತಿಕ್ರಿಯೆ: ಸಿಟ್ಟು, ಅಳು ಬಂದರೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾ?

ತೀರ್ಥಹಳ್ಳಿಯವರೇ, ಅಡಿಕೆಗೆ ಕೊಳೆರೋಗ ಬಂದಾಗಿನಿಂದ ಸಿಟ್ಟು, ಅಳು ಎರಡೂ ತಡೆಯೋಕಾಗ್ತಿಲ್ಲ, ಮನಸ್ಸು ಗಟ್ಟಿ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಗಟ್ಟಿ ಮಾಡೋಕೆ ಹೋಗಬೇಡಿ. ವರ್ಷದ ಫಸಲು ಉದುರಿದಾಗ ದುಃಖವಾಗೋದು ಸಹಜ.

ಅದುಮಿದ್ದು ತಿರುಗಿ ಬರುತ್ತೆ. ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಕರಡಿಯನ್ನು ನೆನೆಯಬೇಡಿ ಎಂದವರಿಗೂ ಅದರ ನೆನಪು ಬರುತ್ತಲೇ ಇತ್ತು.

ಭಾವನೆ ಏರಿದಾಗ ಅದು ಮೈಯಲ್ಲಿ ಎಲ್ಲಿದೆ ನೋಡಿ: ದವಡೆಯಲ್ಲೋ, ಎದೆಯಲ್ಲೋ, ಹೊಟ್ಟೆಯಲ್ಲೋ. ಆಮೇಲೆ ನಿಖರವಾಗಿ ಹೆಸರಿಡಿ. ಬರೀ ‘ಬೇಜಾರು’ ಅಂದರೆ ಸಾಲದು. ಸೊಸೈಟಿ ಸಾಲದ ಕಂತಿನ ಭಯವೋ, ಎರಡನೇ ಸಲ ಕೊಳೆಗೆ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ಬಿಡದ ಹತಾಶೆಯೋ? ಭಯವಾದರೆ ಸೊಸೈಟಿಗೆ ಹೋಗಿ ಕಂತಿನ ಮಾತಾಡಬಹುದು. ದುಃಖಕ್ಕೆ ಅಂಥ ಕೆಲಸವೇನಿಲ್ಲ, ಅತ್ತುಬಿಡಿ. (ಗಂಡಸರು ಅಳಬಾರದು ಅನ್ನೋರು ಪಕ್ಕದ ಮನೆಯಲ್ಲೇ ಇರ್ತಾರೆ, ಬಿಡಿ.)

ಸತತ ಮೂರ್ನಾಲ್ಕು ದಿನ, 15–20 ನಿಮಿಷ ಕೂತು ಮನಸ್ಸಿನಲ್ಲಿರೋದನ್ನು ಬರೆಯಿರಿ. ಕಾಗುಣಿತ ನೋಡಬೇಡಿ, ಬೇಕಾದರೆ ಆಮೇಲೆ ಹರಿದು ಹಾಕಿ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗಬಹುದು, ಅದಕ್ಕೇ ಮಲಗುವ ಮುಂಚೆ ಬೇಡ. ಒಂದೇ ದೂರನ್ನು ದಿನವೂ ಬರೆದರೆ ಅದು ಬರೀ ಮೆಲುಕು, ಆಗ ನಿಲ್ಲಿಸಿ.

ಸಿಟ್ಟನ್ನು ಒಪ್ಪಿಕೊಳ್ಳೋದು ಅಂದರೆ ಮನೆಯವರ ಮೇಲೆ ಕೂಗಾಡೋಕೆ ಪರವಾನಗಿ ಅಲ್ಲ.

ಎರಡು ವಾರ ಕಳೆದರೂ ದಿನದ ಬಹುಪಾಲು ಮಂಕು ಕವಿದಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಆಗಲೇ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.