‘ಟೆಕ್ನಾಲಜಿ ನನಗೆ ಆಗಿಬರಲ್ಲ ಮೇಡಂ’

ಬಿ.ಎಡ್. ಓದುವವರು ಆಪ್ತಸಲಹೆಗೆ ನನ್ನ ಬಳಿ ಬಂದರೆ ಈ ಮಾತು ಯಾವಾಗಲಾದರೂ ಬಂದೇ ಬರುತ್ತದೆ. ಅದರಲ್ಲೂ ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್ ಶುರುವಾದ ಮೇಲೆ ಜಾಸ್ತಿ. ಅದಕ್ಕೇ ಒಬ್ಬಳ ವಿಷಯ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಎರಡನೇ ವರ್ಷದ ವಿದ್ಯಾರ್ಥಿನಿ. ಹಳ್ಳಿಯವಳು, ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೋರ್ಸ್ ಬಿಡುತ್ತೇನೆ ಅಂತ ಬಂದಿದ್ದಳು. ಎಂಟನೇ ತರಗತಿಗೆ ಜೀವಕೋಶದ ಪಾಠ. ಪೇಟೆಯ ಡಿಟಿಪಿ (ಟೈಪಿಂಗ್) ಅಂಗಡಿಯಲ್ಲಿ ಪಿಪಿಟಿ, ಅಂದರೆ ಪರದೆಯ ಮೇಲೆ ತೋರಿಸುವ ಸ್ಲೈಡುಗಳನ್ನು, ಮಾಡಿಸಿಕೊಂಡು ಹೋಗಿದ್ದಳು. ಶಾಲೆಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಸೊಟ್ಟಪಟ್ಟ ಗುರುತು. ಹಿಂದಿನ ಬೆಂಚಿನಿಂದ ಒಬ್ಬ, “ಮಿಸ್, ಇದು ಯಾವ ಭಾಷೆ?” ಅಂದ. ತರಗತಿಯೆಲ್ಲ ನಕ್ಕಿತು. ಪಾಠ ನೋಡಲು ಬಂದಿದ್ದ ಅಧ್ಯಾಪಕರು ‘ಐಸಿಟಿ (ಪಾಠದಲ್ಲಿ ಕಂಪ್ಯೂಟರ್ ತಂತ್ರಜ್ಞಾನ) ಬಳಕೆ ಸಮರ್ಪಕವಾಗಿಲ್ಲ’ ಅಂತ ಬರೆದು ಸಹಿ ಹಾಕಿದರು.

ಮೊದಲ ಭೇಟಿ ಅಳುವಿನಲ್ಲೇ ಮುಗಿಯಿತು. ಎರಡನೇ ಸಲ ಬಂದಾಗ ಆ ಪೆನ್‌ಡ್ರೈವ್ ಬ್ಯಾಗಿನಲ್ಲೇ ಇತ್ತು. ನನ್ನ ಲ್ಯಾಪ್‌ಟಾಪಿಗೆ ಹಾಕಿ ಅಂದೆ. ಹಿಂಜರಿದಳು. ಕೊನೆಗೆ ಹಾಕಿದಳು. ಮತ್ತೆ ಅದೇ ಸೊಟ್ಟಪಟ್ಟ ಗುರುತು. ಸ್ವಲ್ಪ ಹೊತ್ತು ನೋಡುತ್ತಾ ಇದ್ದು ಕೇಳಿದಳು: “ನಿಮ್ಮದರಲ್ಲೂ ಹೀಗೇ ಬಂತಾ?”

ಕಾರಣ ಹೇಳಿದೆ. ಡಿಟಿಪಿ ಅಂಗಡಿಗಳಲ್ಲಿ ಈಗಲೂ ‘ನುಡಿ’, ‘ಬರಹ’ ಅನ್ನುವ ಹಳೇ ಫಾಂಟುಗಳಲ್ಲೇ ಟೈಪ್ ಮಾಡುವುದು ಹೆಚ್ಚು. ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಆ ಫಾಂಟು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒಳಗಿರುವುದೇ ಕಾಣುತ್ತದೆ. ಕನ್ನಡದ ಅಕ್ಷರಗಳಿಗೇ ಬೇರೆ ಸಂಕೇತ ಇರುವ ಯುನಿಕೋಡ್‌ನಲ್ಲಿ ಬರೆದರೆ ಈ ತೊಂದರೆ ಇಲ್ಲ. ಅವಳು ದಿನಾ ವಾಟ್ಸಾಪಿನಲ್ಲಿ ಬರೆಯುವ ಕನ್ನಡ ಯುನಿಕೋಡೇ.

ಅವಳಿಗೆ ಸಿಟ್ಟು ಬಂತು. “ಇಷ್ಟೇ ವಿಷಯನಾ? ಕಾಲೇಜಲ್ಲಿ ಇದನ್ನ ಯಾಕೆ ಯಾರೂ ಹೇಳಲಿಲ್ಲ?” ಅಳುವುದಕ್ಕಿಂತ ಆ ಸಿಟ್ಟೇ ನನಗೆ ಹಿಡಿಸಿತು. ಅಲ್ಲಿಯವರೆಗೆ ತಪ್ಪೆಲ್ಲ ತನ್ನದೇ, ತನ್ನ ಹಳ್ಳಿಯದೇ, ತನ್ನ ಕನ್ನಡ ಮಾಧ್ಯಮದ್ದೇ ಅಂದುಕೊಂಡಿದ್ದಳು.

ಆಪ್ತಸಲಹೆ ಕೊಡುವವರು ಫಾಂಟಿನ ಪಾಠ ಮಾಡಬೇಕಾ ಅಂತ ನನ್ನ ಜೊತೆಯವರೇ ಕೇಳುತ್ತಾರೆ. ಮಾಡಬೇಕು ಅನ್ನುತ್ತೇನೆ. ಇಂಥ ಭಯಕ್ಕೆ ಕಣ್ಣಿಗೆ ಕಾಣುವ ಕಾರಣ ಇರುತ್ತದೆ. ಅದನ್ನು ತೋರಿಸದೆ ‘ಆತ್ಮವಿಶ್ವಾಸ ಬೆಳೆಸಿಕೊಳ್ಳಿ’ ಅಂದರೆ, ನಿನ್ನಲ್ಲೇ ಏನೋ ಕಮ್ಮಿ ಅಂತ ಇನ್ನೊಂದು ಸಲ ಹೇಳಿದ ಹಾಗೆ ಅಲ್ವಾ?

ಅಮ್ಮನ ಓಲೆ ಅಡ ಇಟ್ಟು ಕಂಪ್ಯೂಟರ್ ಸೆಂಟರಿಗೆ ಸೇರುವ ಯೋಚನೆಯೂ ಅವಳಿಗಿತ್ತು. ಬೇಡ ಅಂದೆ. ಸಾಮಾನ್ಯವಾಗಿ ನಿರ್ಧಾರ ಅವರಿಗೇ ಬಿಡುತ್ತೇನೆ. ಇಲ್ಲಿ ನೇರವಾಗಿಯೇ ಹೇಳಿದೆ. ಅವಳು ಬರೆಯಲಿರುವ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆಯ 150 ಅಂಕದಲ್ಲಿ ಮಕ್ಕಳ ವಿಕಾಸಕ್ಕೆ 30, ಎರಡು ಭಾಷೆಗೆ ತಲಾ 30, ಗಣಿತ-ವಿಜ್ಞಾನಕ್ಕೆ 60. ಕಂಪ್ಯೂಟರಿಗೆ ಅಂತ ಬೇರೆ ಭಾಗವೇ ಇಲ್ಲ. ಖಾಸಗಿ ಶಾಲೆಗೆ ಹೋದರೂ ಡೆಮೊ ಕ್ಲಾಸ್ ನೋಡುತ್ತಾರೆ. ಅಲ್ಲಿ ಸರ್ಟಿಫಿಕೇಟ್ ಪಾಠ ಮಾಡುವುದಿಲ್ಲ. ಕೆಲಸ ಸಿಕ್ಕಿದ ಮೇಲೆ ಬೇಕಾದರೆ ಸೇರಲಿ.

ಈಗ ಬೇಕಾದದ್ದು ಕೈಯಲ್ಲೇ ಇತ್ತು. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಮನೆಯಲ್ಲೇ ಸರ್ಕಾರದ ಪಾಠಗಳಿರುವ ದೀಕ್ಷಾ ಆ್ಯಪಿನಿಂದ ಸ್ಕ್ಯಾನ್ ಮಾಡಿ, ಬೇಕಾದ್ದನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ ಅಂದೆ. ಶಾಲೆಯಲ್ಲಿ ನೆಟ್ ಕಾಯುತ್ತಾ ನಿಲ್ಲಬೇಕಾಗಿಲ್ಲ. ಪಿಪಿಟಿಯ ಜೊತೆಗೆ ಅದರ ಪಿಡಿಎಫ್ ಕೂಡ ಒಯ್ಯಿರಿ, ಫಾಂಟ್ ಅದರೊಳಗೇ ಬರುತ್ತದೆ. ಮಕ್ಕಳು ಬರುವ ಮೊದಲು ಆ ಕಂಪ್ಯೂಟರಿನಲ್ಲೇ ಒಂದು ಸಲ ತೆರೆದು ನೋಡಿ. ಕರೆಂಟ್ ಹೋದರೆ ಚಾಕ್ ಹಿಡಿಯಿರಿ. ಜೀವಕೋಶದ ಚಿತ್ರವನ್ನಂತೂ ಬೋರ್ಡ್ ಮೇಲೆ ಬಿಡಿಸುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಗೆರೆ ಮೂಡುತ್ತಾ ಹೋದ ಹಾಗೆ ಮಕ್ಕಳೂ ಬಿಡಿಸುತ್ತಾ ಬರುತ್ತಾರೆ. ಪ್ಲಾಸ್ಮಾ ಪೊರೆಯ ಮೂಲಕ ನೀರು ಒಳಗೆ ಹೊರಗೆ ಹೋಗುವುದನ್ನು ತೋರಿಸಲು ಮಾತ್ರ ವಿಡಿಯೊ ಬೇಕು.

ಅಧ್ಯಾಪಕರು ಬರೆದ ರಿಮಾರ್ಕಿನ ಮಾತು ಉಳಿದಿತ್ತು. ದೂರು ಕೊಡಲಾ ಅಂತ ಕೇಳಿದಳು. ಆಂತರಿಕ ಅಂಕ ಅವರ ಕೈಯಲ್ಲೇ ಇರುವಾಗ ದೂರಿಗಿಂತ ಆ ಫೈಲನ್ನೇ ತೋರಿಸಿ, ಆದದ್ದು ಏನು ಅಂತ ಹೇಳುವುದು ಮೇಲು ಅಂದೆ. ಈ ಸಲಹೆ ಎಲ್ಲರಿಗೂ ಒಪ್ಪಿಗೆ ಆಗಲಿಕ್ಕಿಲ್ಲ. ಗೆಳತಿಯ ಜೊತೆ ಹೋಗಿ ತೋರಿಸಿದಳಂತೆ. ಬರೆದದ್ದನ್ನು ಅವರು ಬದಲಿಸಲಿಲ್ಲ. ತಮ್ಮ ಪಿಪಿಟಿಗಳೂ ನುಡಿಯಲ್ಲೇ ಇವೆ, ಅವನ್ನು ಯುನಿಕೋಡ್‌ಗೆ ಹೇಗೆ ಬದಲಿಸುವುದು ಅಂತ ಇವಳನ್ನೇ ಕೇಳಿದರಂತೆ.